ಮಾವನ ಕೈಗೆ ಮೈಕ್ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ನಾನೀಗ ಬರೆಯಲಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದರಿಂದ ನನಗಾದ ಒಂದೇ ಲಾಭವೆಂದರೆ ಯಾರನ್ನೂ ನಂಬದ ಅಭ್ಯಾಸ. ಮೊದಲು ಶಾಸನಗಳನ್ನು ಅನುಮಾನಿಸಿದೆ. ಆಮೇಲೆ ಶಾಸನ ಓದಿ ಹೇಳಿದ ಮೇಷ್ಟರುಗಳನ್ನು ಅನುಮಾನಿಸಿದೆ. ಈಗ ಅನುಮಾನಿಸಲು ಹೊಸಬರು ಯಾರೂ ಸಿಗದೆ ನನ್ನ ನೆನಪನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದೇನೆ. ಕಡೂರಿನಲ್ಲಿ ನಡೆದದ್ದನ್ನು ತರೀಕೆರೆಯಲ್ಲಿ ನಡೆಯಿತೆಂದು ಹೇಳಿದರೆ ಆ ಎರಡೂ ಊರಿನವರು ಕ್ಷಮಿಸಬೇಕು. ಆದರೆ ಒಂದು ಸಂಗತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಕಡೆಯ ಸಾಹಿತ್ಯೋತ್ಸವದ ಸಂಘಟಕರು ಮಳೆಗೆ ಹೆದರುವುದಿಲ್ಲ, ಕರೆಂಟು ಹೋಗುವುದಕ್ಕೆ ಹೆದರುವುದಿಲ್ಲ, ಅಧ್ಯಕ್ಷರ ಭಾಷಣಕ್ಕೂ ಹೆದರುವುದಿಲ್ಲ. ಅವರು ಹೆದರುವುದು ನನ್ನ ಸೋದರಮಾವನಿಗೆ!

ಮಾವ ಬುಕ್ಕಾಂಬುಧಿಯವರು. ಒಂದಿಷ್ಟು ಬೆದ್ದಲು ಹೊಲ, ಒಂದು ತೆಂಗಿನ ತೋಟ, ಒಂದು ಬಿಳಿ ಪಂಚೆ, ಹೆಗಲ ಮೇಲೆ ಒಂದು ಟವಲು. ಎಡಗಡೆಯ ಹುಬ್ಬನ್ನು ಎರಡು ಮಾಡಿರುವ ಒಂದು ಹಳೆಯ ಕಚ್ಚು. ನೋಡಿದರೆ ಪರಮ ಸಾಧು. ಮಾವ ಪುಸ್ತಕ ಓದುವವರಲ್ಲ. ಆದರೆ 'ಲೇಖಕರೊಂದಿಗೆ ಮಾತುಕತೆ' ಎಂದು ಎಲ್ಲಾದರೂ ಬ್ಯಾನರ್ ಕಟ್ಟಿದರೆ, ಅದರ ಹಗ್ಗದ ಗಂಟು ಬಿಗಿಯುವ ಮೊದಲೇ ಶಾಮಿಯಾನದ ಎರಡನೇ ಸಾಲಿನಲ್ಲಿ ಕೂತಿರುತ್ತಾರೆ. ಮೊದಲನೇ ಸಾಲು ಏಕೆ ಬೇಡ? "ಅದು ಹಾರ ಹಾಕಿಸ್ಕೊಂಡು ಎದ್ದೋಗೋರಿಗೆ ಕಣೋ. ಕೂತು ಕೇಳೋರು ಎರಡನೇ ಸಾಲಿಂದ ಶುರು."

ಊರಿನಲ್ಲಿ ನ್ಯಾಯ ಹೇಳುವವರು ಮಾವನೇ. ಬದುವಿನ ಜಗಳ, ಬಾವಿ ಪಾಲಿನ ಜಗಳ, ಗಂಡ ಹೆಂಡಿರ ಜಗಳ, ಏನೇ ಇರಲಿ, ಅರಳಿಕಟ್ಟೆಯ ಮೇಲೆ ಎರಡೂ ಕಡೆಯವರು ಬಂದು ಕೂರದೆ ಮಾವ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಬ್ಬರೇ ಬಂದು ಎದೆ ಬಡಿದುಕೊಂಡು ಅತ್ತರೂ, "ಇರಪ್ಪಾ, ಆ ಕಡೆಯೋರೂ ಬರ್ಲಿ, ಆಗ ಮೊದಲಿಂದ ಅಳುವಂತೆ" ಎಂದು ಮರದ ಎಲೆ ನೋಡುತ್ತಾ ಕೂತುಬಿಡುತ್ತಾರೆ. ಇದು ಬಹಳ ಒಳ್ಳೆಯ ಪದ್ಧತಿ, ನಾನು ಒಪ್ಪುತ್ತೇನೆ. ತೊಂದರೆಯಾದದ್ದು ಮಾವ ಇದನ್ನು ಸಾಹಿತ್ಯಕ್ಕೂ ಅನ್ವಯಿಸಲು ಹೊರಟಾಗ!

ಕಡೂರಿನ ಉತ್ಸವದಲ್ಲಿ ಮೈಸೂರಿನಿಂದ ಬಂದಿದ್ದ ಒಬ್ಬ ಲೇಖಕಿ ತಮ್ಮ ಕಾದಂಬರಿಯ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ಅದರಲ್ಲೊಬ್ಬ ಅತ್ತೆ. ಸೊಸೆಗೆ ಊಟ ಹಾಕದ, ತವರಿಗೆ ಕಳಿಸದ, ಕೊನೆಗೆ ಹಿತ್ತಲ ಬಾಗಿಲಿಗೂ ಬೀಗ ಹಾಕುವ ಅತ್ತೆ. ಸಭೆಯಲ್ಲಿ ಅರ್ಧ ಜನ ಕಣ್ಣೊರೆಸಿಕೊಂಡರು. ಇನ್ನರ್ಧ ಜನ, ಅಂದರೆ ಅತ್ತೆಯಂದಿರು, ನೆಲ ನೋಡಿದರು. "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದಿದ್ದೇ ತಡ, ಮಾವ ಎದ್ದು ನಿಂತರು.

"ನೀವು ಹೇಳಿದ್ದು ಆಯ್ತಮ್ಮ. ಅತ್ತೆ ಕಡೆಯೋರು ಯಾರಾದ್ರೂ ಬಂದವ್ರಾ?"

ಲೇಖಕಿಗೆ ಅರ್ಥವಾಗಲಿಲ್ಲ. "ಕ್ಷಮಿಸಿ, ಅದು ಕಾಲ್ಪನಿಕ ಪಾತ್ರ."

"ಆಗ್ಲಿ. ಸೊಸೆ?"

"ಅವಳೂ ಕಾಲ್ಪನಿಕವೇ."

"ಹಂಗಾದ್ರೆ ಸೊಸೆಗೆ ಮುನ್ನೂರು ಪುಟ ಬಾಯಿ ಕೊಟ್ಟು, ಆವಮ್ಮಂಗೆ ಬರೀ ಬೀಗ ಕೊಟ್ಟಿದ್ದೀರಲ್ಲ, ಇದ್ಯಾವ ನ್ಯಾಯ ಕಣಮ್ಮಾ? ಆ ಬೀಗ ಯಾಕ್ ಹಾಕಿದ್ಲು ಅಂತ ಒಂದ್ಸಲ ಕೇಳಿದ್ರಾ?"

ನೆಲ ನೋಡುತ್ತಿದ್ದ ಅತ್ತೆಯಂದಿರೆಲ್ಲ ತಲೆಯೆತ್ತಿ ಚಪ್ಪಾಳೆ ಹೊಡೆದರು! ಲೇಖಕಿ ನೀರು ಕುಡಿದರು. ಊಟಕ್ಕೆ ಕೂತಾಗ ಅವರು ನನ್ನ ಬಳಿ, "ಆ ಯಜಮಾನರು ಯಾರು? ಬೀಗ ಯಾಕೆ ಹಾಕಿದಳು ಅಂತ ನನಗೂ ಗೊತ್ತಿಲ್ಲ ನೋಡಿ" ಎಂದು ಪಿಸುಗುಟ್ಟಿದರೆಂದು ನನ್ನ ನೆನಪು. ಪಿಸುಗುಟ್ಟಿದ್ದು ಅವರೋ, ಪಕ್ಕದಲ್ಲಿ ಕೂತಿದ್ದ ಬೇರೆಯವರೋ? ಕೋಸಂಬರಿ ಚೆನ್ನಾಗಿತ್ತು ಎಂಬುದು ಮಾತ್ರ ಖಚಿತ.

ಇಷ್ಟಕ್ಕೂ ಮಾವನಿಗೇಕೆ ಈ ಉಸಾಬರಿ? ಜಗತ್ತಿನ ಸಕಲ ಖಳನಾಯಕರ ವಕಾಲತ್ತನ್ನು ಇವರೇ ಏಕೆ ವಹಿಸಿಕೊಳ್ಳಬೇಕು? ಕಾರಣವಿದೆ. ಮಾವ ಸ್ವತಃ ಒಂದು ಕಾದಂಬರಿಯೊಳಗೆ ಸಿಕ್ಕಿಹಾಕಿಕೊಂಡಿದ್ದಾರೆ!

ಮಾವನ ಬಾಲ್ಯದ ಗೆಳೆಯರೊಬ್ಬರಿದ್ದರು. ಅದೇ ಊರು, ಅದೇ ಶಾಲೆ, ಒಂದೇ ಬೆಂಚು. ಆತ ಮುಂದೆ ಊರು ಬಿಟ್ಟು ದೊಡ್ಡ ಕಾದಂಬರಿಕಾರರಾದರು. ಅವರ ಮೊದಲ ಕಾದಂಬರಿಯಲ್ಲಿ ಒಂದು ಪ್ರಸಂಗ ಬರುತ್ತದೆ. ಇಬ್ಬರು ಹುಡುಗರು ಮನೆಯಲ್ಲಿ ಹೇಳದೆ ಊರ ಕೆರೆಗೆ ಹೋಗುತ್ತಾರೆ. ಒಬ್ಬ ಕಾಲು ಜಾರಿ ನೀರಿಗೆ ಬೀಳುತ್ತಾನೆ. ಇನ್ನೊಬ್ಬ, ನಂಜ ಎಂಬ ಹುಡುಗ, ಮುಳುಗುತ್ತಿರುವ ಗೆಳೆಯನನ್ನು ಬಿಟ್ಟು ಹಿಂದಿರುಗಿಯೂ ನೋಡದೆ ಊರಿನ ಕಡೆ ಓಡಿಹೋಗುತ್ತಾನೆ. ಪುಣ್ಯಕ್ಕೆ ಎಮ್ಮೆ ಕಾಯುವವನೊಬ್ಬ ಬಂದು ಎತ್ತಿ ದಡಕ್ಕೆ ಹಾಕುತ್ತಾನೆ. ನಂಜನ ಎಡಹುಬ್ಬಿನ ಮೇಲೆ ಒಂದು ಕಚ್ಚಿದೆ ಎಂದು ಕಾದಂಬರಿಕಾರರು ಬಹಳ ಮುತುವರ್ಜಿಯಿಂದ ವರ್ಣಿಸಿದ್ದಾರೆ. ಇನ್ನು ಊರಿನವರಿಗೆ ಬೇರೆ ಏನು ಬೇಕು? ಅಂದಿನಿಂದ ಮಾವ 'ಓಟದ ನಂಜ'!

ಮಾವನ ಹೇಳಿಕೆಯೇ ಬೇರೆ. "ಓಡೋದಾ? ಥೂ! ಕೂದ್ಲು ಹಿಡ್ದು ಎಳ್ದೋನು ನಾನು ಕಣ್ರೋ! ಎಮ್ಮೆಯೋನು ಬಂದಿದ್ದು ಆಮೇಲೆ. ನಾನಿಲ್ದಿದ್ರೆ ಇವತ್ತು ಆ ಕಾದಂಬರೀನೂ ಇಲ್ಲ, ಬರ್ದೋನೂ ಇಲ್ಲ. ಜೀವ ಉಳಿಸಿದ್ದಕ್ಕೆ ಹೇಡಿ ಅಂತ ಅಚ್ಚು ಹಾಕಿಸ್ಬಿಟ್ಟ!"

ಊರಿನವರ ನಗೆಯನ್ನು ಮಾವ ಹೇಗೋ ಸಹಿಸಿಕೊಂಡಿದ್ದರು. ಆದರೆ ಆ ಪ್ರಸಂಗ ಪಿಯುಸಿ ಪಠ್ಯಪುಸ್ತಕಕ್ಕೆ ಬಂದುಬಿಟ್ಟಿತು. ಅದೇ ವರ್ಷ ಮಾವನ ಮೊಮ್ಮಗಳು ಕಡೂರಿನ ಕಾಲೇಜಿಗೆ ಸೇರಿದಳು. ಕಿರುಪರೀಕ್ಷೆಯಲ್ಲಿ ಪ್ರಶ್ನೆ ಬಂತು: 'ನಂಜನ ಹೇಡಿತನವನ್ನು ವಿವರಿಸಿ.' ಮೊಮ್ಮಗಳು ತಾತನ ಅಪ್ಪಟ ವಂಶಜೆ. 'ಇದಕ್ಕೆ ಇನ್ನೊಂದು ಕಡೆಯೂ ಇದೆ' ಎಂದು ಶುರು ಮಾಡಿ, ಕೂದಲು ಹಿಡಿದು ಎಳೆದ ವೃತ್ತಾಂತವನ್ನು ಒಂದೂವರೆ ಪುಟ ಬರೆದಳು. ಸಿಕ್ಕಿದ್ದು ಸೊನ್ನೆ.

ಮಾವ ಮರುದಿನವೇ ಕಾಲೇಜಿಗೆ ಹೋದರು. ಕನ್ನಡದ ಉಪನ್ಯಾಸಕರು ವಿನಯವಂತರು. "ನೋಡಿ ಯಜಮಾನ್ರೇ, ಪಠ್ಯದಲ್ಲಿ ಏನಿದೆಯೋ ಅದನ್ನೇ ಬರೀಬೇಕು. ಹೊರಗಿನ ವಿಷಯ ತರೋ ಹಾಗಿಲ್ಲ" ಎಂದರು.

"ಹೊರಗಿಂದಾ? ಪಠ್ಯದಲ್ಲಿರೋನೇ ನಾನಲ್ವೇನಯ್ಯಾ!"

ಉಪನ್ಯಾಸಕರು ಪುಸ್ತಕ ನೋಡಿದರು, ಹುಬ್ಬು ನೋಡಿದರು, ಎದ್ದು ನಿಂತರು. ಸೊನ್ನೆ ಮಾತ್ರ ಸೊನ್ನೆಯಾಗಿಯೇ ಉಳಿಯಿತು.

ಅಂದಿನಿಂದ ಮಾವನಿಗೆ ಒಂದೇ ಹಟ. ಆ ಕಾದಂಬರಿಕಾರರು ಎಂದಾದರೊಂದು ದಿನ ಈ ಕಡೆ ಬರಲೇಬೇಕು. ಬಂದಾಗ ನಾಲ್ಕು ಜನರ ಮುಂದೆ, ಮೊಮ್ಮಗಳ ಮುಂದೆ, 'ಇವನು ಓಡಿಹೋಗಲಿಲ್ಲ' ಎಂದು ಅವರ ಬಾಯಿಂದಲೇ ಹೇಳಿಸಬೇಕು. ಅವರು ಬರುವ ತನಕ ಮಾವ ಸಿಕ್ಕಿದ ಲೇಖಕರ ಮೇಲೆಲ್ಲ ಅಭ್ಯಾಸ ಮಾಡುತ್ತಿದ್ದರು, ಅಷ್ಟೆ!

ತರೀಕೆರೆಯಲ್ಲಿ ಈ ಅಭ್ಯಾಸಕ್ಕೆ ಬಲಿಯಾದವರು ಒಬ್ಬ ಕವಿ. ಮೋಡವನ್ನು ಕುರಿತ ಅವರ ಪದ್ಯದಲ್ಲಿ ಮೋಡ ಆಸೆ ತೋರಿಸುತ್ತದೆ, ಬಳಿ ಬರುತ್ತದೆ, ಕೊನೆಗೆ ಸುರಿಯದೆ ಮೋಸ ಮಾಡಿ ಹೋಗಿಬಿಡುತ್ತದೆ. ಕವಿ ಕಣ್ಣು ಮುಚ್ಚಿ ಓದಿ, ಕಣ್ಣು ತೆರೆದಾಗ ಎದುರಿಗೆ ಮಾವ ನಿಂತಿದ್ದರು.

"ಮೋಡದ ಕಡೆಯಿಂದ ಒಂದು ಮಾತು ಐತೆ ಸ್ವಾಮಿ."

"ಮೋಡ ಇಲ್ಲಿ ರೂಪಕ ಸಾರ್. ಅಂದ್ರೆ, ಒಬ್ಬಳು ಹುಡುಗಿ..."

"ಹಂಗಾದ್ರೆ ಹುಡುಗಿ ಕಡೆಯಿಂದ ಒಂದು ಮಾತು ಐತೆ!"

ಸಭೆ ಬಿದ್ದು ಬಿದ್ದು ನಕ್ಕಿತು. ಕವಿಯ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಕವಿಗಳು ಮೋಡದ ಬಗ್ಗೆ ಬರೆಯುವುದನ್ನು ಬಿಟ್ಟರೆಂದು ಕೇಳಿದ್ದೇನೆ. ಇದು ನಿಜವೋ ಮಾವನೇ ಹಬ್ಬಿಸಿದ್ದೋ ತಿಳಿಯದು.

ಸಂಘಟಕರು ಸುಮ್ಮನೆ ಕೂರಲಿಲ್ಲ. ಮಾವನನ್ನು ಊಟದ ಸಮಿತಿಗೆ ಹಾಕಿ ನೋಡಿದರು. ಮಾವ ಬಡಿಸುವ ಸೌಟಿನೊಂದಿಗೇ ಶಾಮಿಯಾನಕ್ಕೆ ಬಂದು ಪ್ರಶ್ನೆ ಕೇಳಿದರು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕೆಂದು ನಿಯಮ ಮಾಡಿದರು. ಮಾವ, "ಕನ್ನಡಕ ತಂದಿಲ್ಲ, ಬಾಯಲ್ಲೇ ಹೇಳ್ಬಿಡ್ತೀನಿ" ಎಂದರು. ಕೊನೆಗೆ ಒಬ್ಬ ಜಾಣ ಕಾರ್ಯದರ್ಶಿ ಹೊಸ ಉಪಾಯ ಹೂಡಿದ. ಅತಿಥಿಯಾಗಿ ಬಂದಿದ್ದ ವಿಮರ್ಶಕರೊಬ್ಬರು ಹೆಬ್ಬೆ ಜಲಪಾತ ನೋಡಬೇಕೆಂದರು. ಅವರ ಜೊತೆಗೆ ದಾರಿ ತೋರಿಸಲು ಮಾವನನ್ನೇ ಜೀಪು ಹತ್ತಿಸಿ ಕಳಿಸಿಬಿಟ್ಟ! ಅಂದು ತರೀಕೆರೆಯ ಶಾಮಿಯಾನದಲ್ಲಿ ಗೋಷ್ಠಿಗಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆದವು. ಸಂಜೆ ವಿಮರ್ಶಕರು ಹಿಂತಿರುಗಿದರು. ಪ್ಯಾಂಟು ಮೊಣಕಾಲಿನ ತನಕ ಮಡಚಿತ್ತು, ಎರಡೂ ಕಾಲಿನಲ್ಲಿ ರಕ್ತ.

"ಜಲಪಾತ ಹೇಗಿತ್ತು ಸಾರ್?" ಕಾರ್ಯದರ್ಶಿ ಕೇಳಿದ.

"ನೋಡೋಕೆ ಎಲ್ಲಿ ಬಿಟ್ಟರು? ದಾರಿಯುದ್ದಕ್ಕೂ ನಂಜ, ನಂಜ, ನಂಜ! ಆ ಜಿಗಣೆಗಳಾದರೂ ಹೊಟ್ಟೆ ತುಂಬಿದ ಮೇಲೆ ಬಿಟ್ಟುಬಿಟ್ಟವು ಮಾರಾಯರೇ..."

ನಾನು ಸಂಶಯಜೀವಿ ಎಂದೆನಲ್ಲ. ಮಾವನ ಕಥೆಯನ್ನೂ ನಾನು ಸುಲಭಕ್ಕೆ ನಂಬಿದವನಲ್ಲ. ನನಗೆ ಕಲಿಸಿದ್ದೇ ಹಾಗೆ: ಸಾಕ್ಷಿ ಪ್ರತಿ ಸಲ ಬದಲಾದರೆ ಸಾಕ್ಷಿಯನ್ನೇ ಅನುಮಾನಿಸು. ಮಾವ ಒಮ್ಮೆ ಕೂದಲು ಹಿಡಿದು ಎಳೆದೆ ಎಂದರು. ಇನ್ನೊಮ್ಮೆ ಉಡುದಾರ ಹಿಡಿದು ಎಳೆದೆ ಎಂದರು. ಬೀಗರ ಮನೆಯ ಹಬ್ಬದೂಟದಲ್ಲಿ ಟವಲು ಎಸೆದು ಎಳೆದರು. ಜನ ಹೆಚ್ಚಿದಷ್ಟೂ ಕೆರೆಯೂ ಆಳವಾಗುತ್ತಿತ್ತು. ಒಮ್ಮೆ ನಾನು ನೇರವಾಗಿ ಕೇಳಿದೆ:

"ಮಾವ, ನಿಜವಾಗಿ ಹಿಡಿದದ್ದು ಏನನ್ನು?"

"ಮುಳುಗ್ತಿರೋನ್ನ ಎಳ್ಯೋವಾಗ ಏನ್ ಹಿಡ್ದೆ ಅಂತ ಲೆಕ್ಕ ಇಡ್ತಾರೇನೋ? ಸಿಕ್ಕಿದ್ದು ಹಿಡ್ದೆ!"

ಒಳಗಿನಿಂದ ಅತ್ತೆ ತಲೆ ಹಾಕಿದರು. ಮಾವನ ಹೆಂಡತಿಯಾದ್ದರಿಂದ ಅವರಿಗೆ ಇನ್ನೊಂದು ಕಡೆಯ ವಿಚಾರ ಯಾವಾಗಲೂ ಚೆನ್ನಾಗಿ ಗೊತ್ತು. "ಕೇಳ್ಬೇಡ ಬಿಡಪ್ಪಾ. ನಮ್ಮನೆ ಬಾವೀಲಿ ಬಿಂದಿಗೆ ಬಿದ್ರೆ ಇಣುಕಿ ನೋಡೋಕೂ ತಲೆ ಸುತ್ತುತ್ತೆ ಅಂತಾರೆ. ಇವ್ರು ಕೆರೆಗಿಳಿದ್ರಂತೆ!"

"ನೀನು ಸುಮ್ನಿರೇ! ಆಗ ನಾನು ಹುಡ್ಗ ಕಣೇ!"

ಹೀಗಿರುವಾಗ ಅಜ್ಜಂಪುರದ ಉತ್ಸವದ ಆಹ್ವಾನಪತ್ರಿಕೆ ಬಂತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಆ ಕಾದಂಬರಿಕಾರರ ಹೆಸರು. ವಯಸ್ಸಾಗಿದೆ, ದೃಷ್ಟಿ ಮಂದವಾಗಿದೆ, ಆದರೂ ಹುಟ್ಟಿದ ಸೀಮೆ ಎಂದು ಒಪ್ಪಿದ್ದಾರೆ. ಅವರೊಂದಿಗೆ ವೇದಿಕೆಯಲ್ಲಿ ಮಾತುಕತೆ ನಡೆಸಬೇಕಾದವನು, ನನ್ನ ಗ್ರಹಚಾರಕ್ಕೆ, ನಾನೇ! ಫೋನ್ ಮಾಡಿದ ಅಲ್ಲಿನ ಕಾರ್ಯದರ್ಶಿ ಒಂದೇ ಒಂದು ಷರತ್ತು ಹಾಕಿದ. "ಸಾರ್, ನೀವು ಏನು ಬೇಕಾದ್ರೂ ಕೇಳಿ. ನಿಮ್ಮ ಮಾವನ ಕೈಗೆ ಮೈಕ್ ಮಾತ್ರ ಹೋಗಬಾರದು."

ಮಾವನ ತಯಾರಿಯನ್ನು ಏನೆಂದು ಹೇಳಲಿ! ಬೆಳಗ್ಗೆ ತೋಟಕ್ಕೆ ಹೋಗಿ ತೆಂಗಿನ ಮರಗಳ ಮುಂದೆ ನಿಂತು, "ಸಭೆಗೆ ನಮಸ್ಕಾರ" ಎಂದು ಶುರು ಮಾಡಿದರೆ ಬಿಸಿಲೇರುವ ತನಕ ಭಾಷಣ. "ಇವ್ರ ಮಾತಿಗೆ ಹೀಚೆಲ್ಲ ಉದುರ್ತಾ ಐತೆ ಕಣಪ್ಪಾ, ಬೇಗ ಆ ಪುಣ್ಯಾತ್ಮನ್ನ ಕರ್ಸಿ" ಎಂದು ಅತ್ತೆ ನನಗೆ ಫೋನ್ ಮಾಡಿದರು. ಹೊಸ ಪಂಚೆ ಬಂತು. ಮೊಮ್ಮಗಳಿಗೂ ಅವಳ ಗೆಳತಿಯರಿಗೂ ಮೂರನೇ ಸಾಲಿನಲ್ಲಿ ಜಾಗ ಹಿಡಿದಿಟ್ಟದ್ದಾಯಿತು. ಸೊನ್ನೆ ಕೊಟ್ಟ ಉಪನ್ಯಾಸಕರಿಗೆ ಮಾವ ಸ್ವತಃ ಹೋಗಿ ಆಮಂತ್ರಣ ಕೊಟ್ಟು, "ತಪ್ದೆ ಬರ್ಬೇಕು, ಪಠ್ಯ ತಿದ್ದುಪಡಿ ಐತೆ" ಎಂದು ಹೇಳಿ ಬಂದರು.

ಆ ದಿನ ಕಾರಿನಲ್ಲಿ ಅಜ್ಜಂಪುರಕ್ಕೆ ಹೋಗುವಾಗ ಮಾವ ಒಂದೂ ಮಾತಾಡಲಿಲ್ಲ. ಇದೂ ನನ್ನ ನೆನಪೇ, ಆದರೆ ಇದನ್ನು ನಂಬಬಹುದು. ಮಾವ ಮಾತಾಡದಿದ್ದ ಬೇರೆ ಯಾವ ಪ್ರಯಾಣವೂ ನನಗೆ ನೆನಪಿಲ್ಲ.

ಕಾದಂಬರಿಕಾರರು ಇಬ್ಬರ ಹೆಗಲು ಹಿಡಿದುಕೊಂಡು ವೇದಿಕೆ ಹತ್ತಿದರು. ಸಣ್ಣಗಾಗಿದ್ದರು. ದಪ್ಪ ಕನ್ನಡಕ, ಹೊಳೆಯುವ ಬೋಳುತಲೆ. ಹಿಡಿದು ಎಳೆಯುವುದಕ್ಕೆ ಈಗ ಒಂದು ಕೂದಲೂ ಇರಲಿಲ್ಲ ಎಂದು ನನಗೆ ಅನ್ನಿಸಿದ್ದು ನನ್ನ ಅಲ್ಪಬುದ್ಧಿ. ನಾನು ಬಹಳ ಜಾಗರೂಕನಾಗಿ ಕೆರೆಯಿಂದ ದೂರ ದೂರವೇ ಪ್ರಶ್ನೆ ಕೇಳುತ್ತಾ ಹೋದೆ. ಅವರ ಭಾಷೆ, ಅವರ ಮೇಷ್ಟರುಗಳು, ಈಗಿನ ಬರಹಗಾರರ ಬಗ್ಗೆ ಅಭಿಪ್ರಾಯ. ಎಲ್ಲ ಸುಸೂತ್ರ. ಕೊನೆಗೆ ಹೊತ್ತು ತುಂಬಿಸಲು, ಎಲ್ಲರೂ ಎಲ್ಲ ಲೇಖಕರಿಗೂ ಕೇಳುವ ಅತ್ಯಂತ ನಿರಪಾಯಕಾರಿ ಪ್ರಶ್ನೆಯನ್ನು ಕೇಳಿದೆ. "ಸರ್, ನೀವು ಬರೆಯಲು ಶುರು ಮಾಡಿದ್ದು ಏಕೆ?"

ಅವರು ಮೇಜಿನ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಾನು ಹುಡುಗನಾಗಿದ್ದಾಗ ಇಲ್ಲೇ ಬುಕ್ಕಾಂಬುಧಿ ಕೆರೆಗೆ ಬಿದ್ದೆ. ಅದನ್ನ ಬರೆದಿದ್ದೇನೆ, ನಿಮಗೆಲ್ಲ ಗೊತ್ತು. ಬರೆಯದೇ ಇರೋದು ಒಂದಿದೆ. ನೀರಲ್ಲಿ ಒಂದು ಸಲ ಮೇಲೆ ಬಂದಾಗ ನನ್ನ ಗೆಳೆಯನ ಬೆನ್ನು ಕಾಣಿಸ್ತು. ಓಡ್ತಾ ಇದ್ದ. ಸಾಯ್ತೀನಿ ಅನ್ನೋ ಭಯಕ್ಕಿಂತ ಆ ಬೆನ್ನು ದೊಡ್ಡದಾಗಿತ್ತು. ಆಮೇಲೆ ನಾನು ಬರೆದದ್ದೆಲ್ಲಾ, ಒಂದೊಂದು ಪುಸ್ತಕಾನೂ, ಆ ಬೆನ್ನು ಒಂದ್ಸಲ ಈ ಕಡೆ ತಿರುಗಲಿ ಅಂತ ಬರೆದದ್ದೇ. ಇಷ್ಟು ವರ್ಷ ಈ ಕಡೆ ಬರಲಿಲ್ಲ. ಅವನು ಎದುರಿಗೆ ಸಿಕ್ಕರೆ ಏನು ಮಾತಾಡಲಿ ಅಂತ ಗೊತ್ತಿರಲಿಲ್ಲ."

ನಾನು ಎರಡನೇ ಸಾಲು ನೋಡಿದೆ. ಮಾವನ ಕುರ್ಚಿ ಖಾಲಿ! ಅವರು ಆಗಲೇ ಮೈಕ್ ಹಿಡಿದ ಸ್ವಯಂಸೇವಕನ ಪಕ್ಕದಲ್ಲಿದ್ದರು. 'ಬೇಡ, ಬೇಡ' ಎಂದು ನಾನು ಎರಡೂ ಕೈ ಆಡಿಸಿದೆ. ಆದರೆ ಆ ಸ್ವಯಂಸೇವಕನ ಸಂಸಾರವನ್ನು ಅರಳಿಕಟ್ಟೆಯ ಮೇಲೆ ಒಂದು ಮಾಡಿದವರು ಮಾವನೇ. ಅವರ ಕೈಗಲ್ಲದೆ ಇನ್ಯಾರ ಕೈಗೆ ಕೊಟ್ಟಾನು? ಕಾರ್ಯದರ್ಶಿ ಕಣ್ಣು ಮುಚ್ಚಿಕೊಂಡ. ಉಪನ್ಯಾಸಕರು ಸೆಟೆದು ಕೂತರು. ಮೊಮ್ಮಗಳು ತಾತನನ್ನೇ ನೋಡುತ್ತಿದ್ದಳು.

ಮಾವ ಗಂಟಲು ಸರಿಮಾಡಿಕೊಂಡರು. ತೆಂಗಿನ ಮರಗಳು ಕೇಳಿದ್ದ ಆ 'ಸಭೆಗೆ ನಮಸ್ಕಾರ' ಬರಲಿಲ್ಲ.

"ಇಲ್ಲೇ ಇದ್ದೀನಿ ಕಣೋ."

ಕಾದಂಬರಿಕಾರರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಯಾರು? ನನಗೆ ಅಷ್ಟು ದೂರ ಕಾಣಲ್ಲ."

"ನಾನೇ ಕಣೋ. ಹುಬ್ಬಿನೋನು."

ಮುಂದೆ ಏನೂ ಆಗಲಿಲ್ಲ. ಎಷ್ಟು ಹೊತ್ತು ಏನೂ ಆಗಲಿಲ್ಲವೆಂದು ಹೇಳಲಾರೆ. ಜನರೇಟರ್ ಒಂದು ಗುರ್ ಎನ್ನುತ್ತಿತ್ತು. ಈಗ ಬರುತ್ತದೆ ಕೂದಲು, ಈಗ ಬರುತ್ತದೆ ಉಡುದಾರ ಎಂದು ನಾನು ಕಾಯುತ್ತಿದ್ದೆ. ಮಾವ ಒಮ್ಮೆ ಮೂರನೇ ಸಾಲಿನ ಕಡೆ ನೋಡಿದರು. ಮತ್ತೆ ವೇದಿಕೆಯ ಕಡೆ ನೋಡಿದರು.

"ನೀನು ಬರ್ದಿರೋದು ಸರಿಯಾಗೈತೆ. ಓಡ್ದೆ ಕಣಪ್ಪಾ. ತಪ್ಪಾಯ್ತು."

ಮೊಮ್ಮಗಳ ಪಕ್ಕದಲ್ಲಿದ್ದ ಗೆಳತಿಯೊಬ್ಬಳು ಕಿಸಕ್ಕೆಂದಳು. ಉಪನ್ಯಾಸಕರು ನೆಲ ನೋಡಿದರು. ಕಾದಂಬರಿಕಾರರು ಎದ್ದು ನಿಲ್ಲಲು ಹೋಗಿ ಮೇಜಿನ ಮೇಲಿದ್ದ ನೀರಿನ ಬಾಟಲಿ ಉರುಳಿಸಿದರು. "ಮೇಲೆ ಬಾರೋ, ಮೇಲೆ ಬಾ. ಅಲ್ಲಿಂದ್ಲೇ ಯಾಕೆ..."

ಮಾವ ಮೈಕನ್ನು ವಾಪಸು ಕೊಟ್ಟರು. ತಾವಾಗಿಯೇ ಕೊಟ್ಟದ್ದು ಅದೇ ಮೊದಲು! ವೇದಿಕೆ ಹತ್ತಿ ಬಂದು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಅದರಲ್ಲಿ ತಾವು ಕೂತು, ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿದರು. ನಮ್ಮ ಕಡೆ ನ್ಯಾಯ ಮುಗಿದ ಮೇಲೆ ಎರಡೂ ಕಡೆಯವರು ಒಬ್ಬರ ಎಲೆಅಡಿಕೆಯನ್ನು ಇನ್ನೊಬ್ಬರು ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ.

"ನಂಗೆ ಹಲ್ಲಿಲ್ಲ ಕಣೋ," ಎಂದರು ಕಾದಂಬರಿಕಾರರು.

"ಹಲ್ಲಿಲ್ದಿದ್ರೆ ಚೀಪು. ಹುಟ್ಟಿದಾರಭ್ಯ ನಿಂದು ಇದೇ ರಗಳೆ."

ಮೇಜಿನ ಮೈಕ್ ಆನ್ ಆಗಿಯೇ ಇತ್ತು. ಇಡೀ ಅಜ್ಜಂಪುರ ಇದನ್ನು ಕೇಳಿತು. ಆಮೇಲೆ ಅವರಿಬ್ಬರೂ ತಮ್ಮ ಹಳೆಯ ಶಾಲೆಯ ಒಬ್ಬ ಮೇಷ್ಟರ ನಡಿಗೆಯ ಬಗ್ಗೆ ಏನೋ ಹೇಳಿಕೊಂಡು ನಗುತ್ತಾ ಕೂತರು. ನಾನು ವೇದಿಕೆಯ ಅಂಚಿನಲ್ಲಿ ಕುರ್ಚಿಯಿಲ್ಲದೆ ನಿಂತೆ. ಆ ಉತ್ಸವದ ಅತ್ಯುತ್ತಮ ಸಂವಾದ ಅದೇ ಎಂದು ಎಲ್ಲರೂ ಹೇಳಿದರು. ಅದರಲ್ಲಿ ನನ್ನ ಪಾತ್ರ ಎದ್ದು ನಿಂತದ್ದು ಮಾತ್ರ.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮೊಮ್ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಸುಮಾರು ದೂರ ಬಂದ ಮೇಲೆ ಕೇಳಿದಳು.

"ಯಾಕ್ ತಾತ ಒಪ್ಕೊಂಡೆ? ನಾನು ಸುಮ್ನೆ ಸೊನ್ನೆ ತಗೊಂಡ್ನಾ?"

"ಅವ್ನ ಅಷ್ಟೂ ಪುಸ್ತಕ ಆ ಒಂದು ಓಟದ ಮೇಲೆ ನಿಂತವಂತಲ್ಲವ್ವಾ. ಈ ವಯಸ್ಸಲ್ಲಿ ಹೋಗಿ ನಾನು ಅದನ್ನ ಎಳ್ಕೊಂಡು ಬಂದ್ಬಿಟ್ರೆ, ಅವ್ನು ಯಾವ್ದ್ರ ಮೇಲೆ ನಿಲ್ಲಬೇಕು?"

"ಹಂಗಾದ್ರೆ ಓಡಿದ್ಯೋ ಇಲ್ವೋ? ನಂಗೊಬ್ಳಿಗೆ ಹೇಳು."

ಮಾವ ಟವಲಿನಿಂದ ಮುಖ ಒರೆಸಿಕೊಂಡರು. "ಎಲೆಅಡಿಕೆ ಹಾಕ್ಕೊಂಡಾಗೈತೆ ಕಣವ್ವ. ಇನ್ನು ಆ ಮಾತು ಎತ್ತಂಗಿಲ್ಲ."

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಮಾವ ಎತ್ತುವ ಹಾಗಿಲ್ಲ ಸರಿ. ಎಲೆಅಡಿಕೆ ಹಾಕಿಕೊಳ್ಳದ ನನಗೆ ಏನು ಅಡ್ಡಿ? ನನ್ನ ತಲೆಯೊಳಗೆ ಇತಿಹಾಸದ ಹುಳ ಕೊರೆಯುತ್ತಲೇ ಇತ್ತು. ಮಾವ ಅಂದು ಹೇಳಿದ್ದು ಸುಳ್ಳೋ, ಇಷ್ಟು ವರ್ಷ ಹೇಳಿದ್ದು ಸುಳ್ಳೋ? ಕಾದಂಬರಿಕಾರರ ಕಣ್ಣಲ್ಲಿ ನೀರಿತ್ತೆಂದು ನನ್ನ ನೆನಪು. ಆ ದಪ್ಪ ಕನ್ನಡಕದ ಹಿಂದೆ ನನಗೆ ಹೇಗೆ ಕಂಡಿತು? ನನ್ನ ತೊಳಲಾಟ ನೋಡಲಾರದೆ ಅತ್ತೆಯೇ ಒಂದು ದಿನ ಹೇಳಿದರು. "ಹಂಗ್ ಒದ್ದಾಡೋ ಬದ್ಲು ಕೇಳಿ ಬಾ ಹೋಗು. ಆ ಎಮ್ಮೆ ಕಾಯ್ತಿದ್ದೋರ ಮಗ್ಳನ್ನ ಚೌಳಹಿರಿಯೂರಿಗೆ ಕೊಟ್ಟವ್ರೆ. ಇನ್ನೂ ಗಟ್ಟಿಮುಟ್ಟಾಗಿ ಅವ್ಳೆ ಮುದುಕಿ."

ಹೋದೆ. ಅಜ್ಜಿ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಯಾರು, ಏನು ಎಂದೆಲ್ಲ ವಿಚಾರಿಸಿ, ನನಗೂ ಒಂದು ಮೊರ ಹುಣಸೆ ಮುಂದಿಟ್ಟು, ಮಾತು ಶುರು ಮಾಡಿದರು.

"ನೆನಪಿಲ್ದೇ ಏನಪ್ಪಾ? ಕೋಡಿ ಪಕ್ಕದಾಗೆ ನಮ್ಮ ಗುಡ್ಲು. ಆ ಹುಡ್ಗ ಏರಿ ಮೇಲೆ ಓಡ್ಬಂದ. ಉಸ್ರು ಕಟ್ಟೋಗಿ ಬಾಯಲ್ಲಿ ಮಾತೇ ಹೊರಡ್ಲಿಲ್ಲ. ಅಪ್ಪನ ಕೈ ಹಿಡ್ಕಂಡು ಜಗ್ತಾನೆ, ಕೆರೆ ಕಡೆ ತೋರಿಸ್ತಾನೆ. ಅಪ್ಪ ಎದ್ದು ಓಡ್ತು."

"ಆ ಹುಡುಗ? ಅವನೂ ವಾಪಸು ಹೋದನಾ?"

"ಎಲ್ಲೋಗ್ತಾನೆ? ನಮ್ಮ ಹಿತ್ಲಲ್ಲಿ ವಾಂತಿ ಮಾಡ್ಕಂಡು, ಮುಖ ಮುಚ್ಕಂಡು ಕೂತ್ಬಿಟ್ಟ. ಅವ್ನು ಸತ್ತೋದ, ನಾನು ನೀರಿಗೆ ಇಳೀಲಿಲ್ಲ, ನಂಗೆ ಈಜು ಬರಲ್ಲ ಅಂತ ಒಂದೇ ಸಮ ಅಳು. ಇಲ್ಲ ಕಣಪ್ಪಾ ಬದುಕವ್ನೆ ಅಂದ್ರೂ ನಂಬ್ಲಿಲ್ಲ. ನಮ್ಮವ್ವ ಮಜ್ಜಿಗೆ ಕುಡಿಸ್ತು."

ಅಜ್ಜಿಯ ನೆನಪೂ ನೆನಪೇ ಅಲ್ಲವೇ? ಎಷ್ಟೋ ವರ್ಷಗಳ ಹಿಂದಿನ ಮಾತು. ಮಜ್ಜಿಗೆಯೋ ನೀರೋ, ಅತ್ತದ್ದೋ ಬಿಕ್ಕಿದ್ದೋ, ನಾನು ಯಾವುದಕ್ಕೂ ಜಾಮೀನು ನಿಲ್ಲಲಾರೆ. ಹಾಗಾಗಿ ಅಲ್ಲಿಂದ ನೇರವಾಗಿ ಬುಕ್ಕಾಂಬುಧಿಗೆ ಹೋಗಿ, ಕೆರೆಯ ಏರಿ ಹತ್ತಿ, ಬಟ್ಟೆ ಒಗೆಯುವ ಕಲ್ಲುಗಳ ಬಳಿ ನಿಂತೆ. ಇಬ್ಬರು ಹುಡುಗರು ಇಳಿದದ್ದು ಅಲ್ಲೇ ಎಂಬುದರಲ್ಲಿ ಕಾದಂಬರಿಗೂ ಮಾವನಿಗೂ ಅಜ್ಜಿಗೂ ಭಿನ್ನಾಭಿಪ್ರಾಯವಿಲ್ಲ. ಅಲ್ಲಿಂದ ಊರು ಎಡಕ್ಕೆ, ಬಹಳ ದೂರ. ಹೆಚ್ಚಿನ ನೀರು ಹೊರಬೀಳುವ ಕೋಡಿ ಬಲಕ್ಕೆ, ಏರಿ ಮುಗಿಯುವಲ್ಲಿ, ಒಂದೇ ಉಸಿರಿಗೆ ಓಡುವಷ್ಟು ಹತ್ತಿರ. ಅದರ ಪಕ್ಕದಲ್ಲಿ ಎಮ್ಮೆಯವರ ಗುಡಿಸಲಿನ ಕಲ್ಲು ತಳಪಾಯ ಈಗಲೂ ಇದೆ. ಎಡಕ್ಕೆ ಓಡಿದವನು ಆ ಗುಡಿಸಲನ್ನು ಮುಟ್ಟುವ ದಾರಿಯೇ ಇಲ್ಲ.

ಮಾವ ಓಡಿದ್ದು ನಿಜ. ಓಡಿದ್ದು ಬಲಕ್ಕೆ.